ಹುಂಜ ಇಲ್ಲದ ಬಾಟಲಿ

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ವಿಷಯ: ಇಟಲಿ ಪ್ರವಾಸದಲ್ಲಿ ಹೇಳಿದ ವೈನ್ ತೋಟ ತೋರಿಸದೆ, ಬೇರೆ ವೈನ್ ಕೊಟ್ಟ ಬಗ್ಗೆ

ಮಾನ್ಯರೇ,

ಕಳೆದ ಅಕ್ಟೋಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ನಿಮ್ಮ ಮೂಲಕ ಇಟಲಿಗೆ ಹೋಗಿ ಬಂದೆವು. ರೋಮ್, ವೆನಿಸ್ ಎಲ್ಲಾ ಚೆನ್ನಾಗಿತ್ತು. ರಾತ್ರಿ ಅನ್ನ, ಸಾರು ಕೂಡ ಸಿಕ್ಕಿತು. ನನ್ನ ತಕರಾರು ಆರನೇ ದಿನದ್ದು ಮಾತ್ರ.

ನೀವು ಕೊಟ್ಟ ಪಟ್ಟಿಯಲ್ಲಿ ಆ ದಿನಕ್ಕೆ ಹೀಗಿದೆ: ಟಸ್ಕನಿಯಲ್ಲಿ ಒಂದೇ ಮನೆಯವರು ನಡೆಸುವ ವೈನ್ ತೋಟಕ್ಕೆ ಭೇಟಿ, ಮನೆಯವರ ಜೊತೆ ಮಾತುಕತೆ, ಮೂರು ಬಗೆಯ ವೈನ್ ರುಚಿ, ಜೋಡಿಗೊಂದು ಬಾಟಲಿ ಕಿಯಾಂಟಿ ಕ್ಲಾಸಿಕೊ ಅನ್ನುವ ಅಲ್ಲಿನ ಕೆಂಪು ವೈನ್. ಇದಕ್ಕೆಂದೇ ತಲೆಗೆ 6,500 ರೂಪಾಯಿ ಬೇರೆಯಾಗಿ ಕಟ್ಟಿಸಿಕೊಂಡಿದ್ದೀರಿ. ನಿಜ ಹೇಳಬೇಕೆಂದರೆ ನಾನು ನಿಮ್ಮಲ್ಲಿ ಬುಕ್ ಮಾಡಿದ್ದೇ ಈ ಸಾಲು ನೋಡಿ.

ಹಾಸನದಲ್ಲಿ ನಮ್ಮದು ಕಾಫಿ ಪುಡಿ ಅಂಗಡಿ, ಅಪ್ಪನ ಕಾಲದ್ದು. ಪ್ಲಾಂಟೇಶನ್ ಎ ಎಷ್ಟು, ಪೀಬೆರಿ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಅಂತ ಬೆಳಗಿಂದ ಸಂಜೆವರೆಗೆ ಅದೇ ಲೆಕ್ಕ. ಕಿಯಾಂಟಿ ಕ್ಲಾಸಿಕೊದಲ್ಲೂ ನಮ್ಮ ಕಾಫಿ 80, ಚಿಕೋರಿ 20ರಂಥ ಲೆಕ್ಕವೇ ಇದೆ ಅಂತ ಓದಿದಾಗ ಖುಷಿಯಾಗಿತ್ತು. ನೂರರಲ್ಲಿ ಕನಿಷ್ಠ 80 ಪಾಲು ಸಾಂಜೊವೇಸೆ ದ್ರಾಕ್ಷಿ ಇರಬೇಕು. ಅದು ಹುಳಿ, ಒಗರು ಜಾಸ್ತಿ ಇರುವ ಹಣ್ಣು. ಅದನ್ನು ಮೆತ್ತಗೆ ಮಾಡಲು ಕನಾಯೋಲೊ ಅನ್ನುವ ಇನ್ನೊಂದು ದ್ರಾಕ್ಷಿ, ಬಣ್ಣಕ್ಕೆ ಕೊಲೊರಿನೊ ದ್ರಾಕ್ಷಿ. ಕೆಲವರು ಮೆರ್ಲೊ ಕೂಡ ಹಾಕುತ್ತಾರೆ. ಯಾವ ವರ್ಷ ಎಷ್ಟು ಹಾಕಬೇಕು ಅನ್ನುವುದನ್ನು ಹೇಗೆ ತೀರ್ಮಾನಿಸುತ್ತಾರೆ? ಬೆರೆಸುವವರನ್ನೇ ಕೇಳೋಣ ಅಂತ ಹೊರಟಿದ್ದೆ.

ಬಸ್ಸು ಫ್ಲಾರೆನ್ಸ್ ಬಿಟ್ಟ ಕೂಡಲೇ ನಿಮ್ಮ ಗೈಡ್ ಮೈಕ್ ಹಿಡಿದು ಕರಿ ಹುಂಜದ ಕಥೆ ಹೇಳಿದರು. ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿ ಜಗಳವಂತೆ. ಕೋಳಿ ಕೂಗಿದಾಗ ಎರಡೂ ಊರಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಇಬ್ಬರೂ ಎದುರಾದ ಜಾಗವೇ ಗಡಿ. ಫ್ಲಾರೆನ್ಸಿನವರು ತಮ್ಮ ಕರಿ ಹುಂಜವನ್ನು ಉಪವಾಸ ಕೆಡವಿದರು. ಪಾಪ, ಹಸಿವು ತಾಳಲಾರದೆ ಅದು ಬೆಳಕು ಹರಿಯುವ ಎಷ್ಟೋ ಮೊದಲೇ ಕೂಗಿತು. ಸಿಯೆನಾ ಹತ್ತಿರದವರೆಗೂ ನೆಲ ಇವರ ಪಾಲಾಯಿತು. ಆ ಹುಂಜದ ಗುರುತು ಪ್ರತಿ ಕಿಯಾಂಟಿ ಕ್ಲಾಸಿಕೊ ಬಾಟಲಿಯ ಮೇಲೂ ಇರಲೇಬೇಕು ಅಂತಲೂ ಅವರೇ ಹೇಳಿದರು. ಇದನ್ನು ನೆನಪಿಡಿ.

ಆಮೇಲೆ ಬಸ್ಸು ನಿಂತದ್ದು ಹೆದ್ದಾರಿ ಪಕ್ಕದ ಗೋಡೌನಿನಂಥ ಅಂಗಡಿ ಮುಂದೆ. ಹೊರಗೆ ಆಗಲೇ ಐದಾರು ಬಸ್ಸು. ಒಂದು ಬಳ್ಳಿ ಕಾಣಲಿಲ್ಲ. ಬಾಗಿಲ ಬಳಿ ಇದ್ದ ಒಂದೇ ಪೀಪಾಯಿಯ ಮೇಲೆ ಫ್ರಿಜ್ ಮ್ಯಾಗ್ನೆಟ್ ಜೋಡಿಸಿಟ್ಟಿದ್ದರು. ಮೂರು ಬಗೆ ಅಂದಿದ್ದು ಒಂದಾಯಿತು, ಅದೂ ಪ್ಲಾಸ್ಟಿಕ್ ಲೋಟದಲ್ಲಿ ಎರಡು ಗುಟುಕು. ಇದರಲ್ಲಿ ಯಾವ್ಯಾವ ದ್ರಾಕ್ಷಿ ಅಂತ ಕೌಂಟರಿನ ಹುಡುಗನನ್ನು ಕೇಳಿದೆ. 'ಕೆಂಪು ದ್ರಾಕ್ಷಿ' ಅಂದ. ನಮ್ಮನೆಯವಳು ನಂದಿ ಬೆಟ್ಟದ ಹತ್ತಿರವೇ ದ್ರಾಕ್ಷಿ ತೋಟ ನೋಡಬಹುದಿತ್ತಲ್ಲ ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಬಾಟಲಿ ಕೈಗೆ ಬಂದಾಗ ಅದರ ಕತ್ತು ತಿರುಗಿಸಿ ನೋಡಿದೆ. ಹುಂಜ ಇಲ್ಲ. ಹಿಂದೆ ಮುಂದೆ ಎಲ್ಲೂ ಇಲ್ಲ. ಲೇಬಲ್ ಮೇಲೆ ಬರೀ 'ಕಿಯಾಂಟಿ'. ಗೈಡ್‌ಗೆ ತೋರಿಸಿದರೆ 'ಎರಡೂ ಒಂದೇ ಸಾರ್' ಅಂದರು. ಒಂದೇ ಅಲ್ಲ. ಬರೀ ಕಿಯಾಂಟಿಯ ಸೀಮೆ ಇನ್ನೂ ದೊಡ್ಡದು, ಅದಕ್ಕೆ ಸಾಂಜೊವೇಸೆ 70 ಪಾಲು ಇದ್ದರೆ ಸಾಕು, ಸ್ವಲ್ಪ ಬಿಳಿ ದ್ರಾಕ್ಷಿಗೂ ಅವಕಾಶ ಇದೆ. ಕ್ಲಾಸಿಕೊದಲ್ಲಿ 2006ರ ಬೆಳೆಯಿಂದ ಬಿಳಿ ದ್ರಾಕ್ಷಿ ಸೇರಿಸುವಂತೆಯೇ ಇಲ್ಲ. ನೀವು ಕೊಟ್ಟದ್ದು ನಕಲಿ ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಮಾಲು. ಚಿಕೋರಿ 30 ಬೆರೆಸಿ ಪೊಟ್ಟಣದ ಮೇಲೆ 20 ಅಂತ ಅಚ್ಚು ಹಾಕಿದರೆ ನನ್ನನ್ನು ಸುಮ್ನೆ ಬಿಡ್ತಾರಾ?

ಇಬ್ಬರದೂ ಸೇರಿ 13,000 ರೂಪಾಯಿಯನ್ನು 15 ದಿನದೊಳಗೆ ವಾಪಸ್ ಕೊಡಿ. ಆ ಸಾಲನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ನಿಜವಾದ ತೋಟಕ್ಕೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ರಸೀದಿ, ಪ್ರವಾಸದ ಪಟ್ಟಿ, ಬಾಟಲಿಯ ನಾಲ್ಕೂ ಕಡೆಯ ಫೋಟೊ ಲಗತ್ತಿಸಿದ್ದೇನೆ. ಬಾಟಲಿಯ ಮುಚ್ಚಳ ತೆಗೆದಿಲ್ಲ. ಬೇಕಿದ್ದರೆ ನಿಮ್ಮ ಆಫೀಸಿಗೇ ತಂದು ಕೊಡುತ್ತೇನೆ.

ಇಂತಿ,
ಆರನೇ ದಿನ ಹುಂಜ ಹುಡುಕಿದ ನಿಮ್ಮ ಪ್ರವಾಸಿ
ಹಾಸನ