ವಾಪಸ್ ಬಂದ ನಳಗಳ ಪೆಟ್ಟಿಗೆ

ಬೆಳಗಾವಿ

ಪ್ರೀತಿಯ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ ಹಿಡಿದಿದೆ. ಕಾಕು ರೊಟ್ಟಿ ಬಡಿದು ಒಣಗಲು ಹಾಕಿದ್ದಾಳೆ, ಒಣಗುತ್ತಿಲ್ಲ. ನೀನು ಹೊರಡುವ ಹೊತ್ತಿಗೆ ಖಡಕ್ ಆಗುತ್ತವೆ ಅಂತ ಅವಳ ನಂಬಿಕೆ.

ನಿನ್ನೆ ಅಣ್ಣ ಫೋನ್ ಮಾಡಿದ್ದ. ನಿನಗೆ ಎರಡು ಕಡೆ ಕೆಲಸ ಸಿಕ್ಕಿದೆ, ಒಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಇನ್ನೊಂದು ಪುಣೆ ಕಡೆಯ ನಳದ ಕಾರ್ಖಾನೆ ಅಂದ. ನಿನ್ನ ಮನಸ್ಸು ಎರಡನೆಯದರ ಕಡೆ ಇದೆಯಂತೆ. ಆದರೆ ಮದುವೆ ಮನೆಯಲ್ಲಿ ಯಾರೋ "ಇಂಜಿನಿಯರಿಂಗ್ ಓದಿ ನಳ ಮಾಡೋಕೆ ಹೋಗ್ತೀಯಾ?" ಅಂದರಂತೆ. ಅವತ್ತಿನಿಂದ ನೀನು ಸುಮ್ನೆ ಕೂತಿದ್ದೀಯಂತೆ. ಇದನ್ನು ಫೋನಿನಲ್ಲಿ ಹೇಳಿದರೆ ಆಗಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋಗು. ನನ್ನ ಅಭಿಪ್ರಾಯ ಅದೇ. ಆದರೆ ಹೋದ ಮೇಲೆ ಎಲ್ಲಿ ಕೂರಬೇಕು, ಏನು ನೋಡಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾನು 1984ರಲ್ಲಿ ಉದ್ಯಮಬಾಗದ ಒಂದು ಫೌಂಡ್ರಿಗೆ ಸೇರಿದೆ. ಆರು ವರ್ಷ ಬೀಡು ಕಬ್ಬಿಣದ ಎರಕ ನೋಡಿಕೊಂಡೆ. ಆಮೇಲೆ ವಾಲ್ವು, ನಳ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಡಿಸೈನ್ ನೋಡಿಕೊಳ್ಳಲು ಹೋದೆ. ನನಗೆ ಅಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ ಓಣಿಯ ಸಾರ್ವಜನಿಕ ನಳ. ನೀರು ಪೋಲಾಗುತ್ತದೆ, ತಾನಾಗಿಯೇ ಬಂದ್ ಆಗುವ ನಳ ಬೇಕು ಅಂತ ಕೇಳಿಕೆ ಬಂದಿತ್ತು. ಒತ್ತಿ ಹಿಡಿದರೆ ನೀರು, ಕೈಬಿಟ್ಟರೆ ಒಳಗಿನ ಸ್ಪ್ರಿಂಗ್ ತಳ್ಳಿ ಮುಚ್ಚಿಬಿಡುತ್ತದೆ. ಡ್ರಾಯಿಂಗ್ ಚೆನ್ನಾಗಿತ್ತು. ಟೆಸ್ಟ್ ಬೆಂಚಿನ ಮೇಲೆ ಸಾವಿರಾರು ಸಲ ಒತ್ತಿ ಬಿಟ್ಟೆವು, ಒಂದು ಹನಿ ಸೋರಲಿಲ್ಲ.

ಆರು ತಿಂಗಳಿಗೆ ಮಾಲು ವಾಪಸ್ ಬರತೊಡಗಿತು. ಒಂದು ಮರದ ಪೆಟ್ಟಿಗೆಯ ತುಂಬ. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಸೊರಗಿದೆ, ಸ್ಪಿಂಡಲ್ ಅಂದರೆ ಒಳಗಿನ ಕಡ್ಡಿ ಬಾಗಿದೆ, ಗುಂಡಿಯ ಸುತ್ತ ಕಪ್ಪು ಕಲೆ. ಕೈಯಿಂದ ಉಜ್ಜಿದರೆ ರಬ್ಬರ್ ವಾಸನೆ. ಜನ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಗುಂಡಿಯನ್ನು ಒತ್ತಿಯೇ ಇಟ್ಟಿದ್ದರು. ನನಗೆ ಸಿಟ್ಟು ಬಂತು. ಇಂಥ ಜನಕ್ಕೆ ಯಾವ ನಳ ಮಾಡಿಕೊಟ್ಟರೂ ಅಷ್ಟೇ ಅಂದೆ. ನಮ್ಮ ಹಿರಿಯ ಮಿಸ್ತ್ರಿಯೊಬ್ಬರು ಅದನ್ನು ಕೇಳಿಸಿಕೊಂಡು, "ಸಾಹೇಬರೆ, ನಾಳೆ ಐದು ಗಂಟೆಗೆ ನಮ್ಮ ಓಣಿಗೆ ಬನ್ನಿ" ಅಂದರು.

ಹೋದೆ. ಇನ್ನೂ ಕತ್ತಲು. ನಳದ ಮುಂದೆ ಹದಿನೈದು ಇಪ್ಪತ್ತು ಕೊಡ ಸಾಲಾಗಿ ಇದ್ದವು. ಒಬ್ಬ ಅಜ್ಜಿ ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬೆರಳು ನಡುಗಿತು, ಎಡಗೈ ಹಚ್ಚಿದಳು. ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು. ನಾನು ಗಡಿಯಾರ ನೋಡುತ್ತಿದ್ದೆ. ಆ ಒತ್ತಡದಲ್ಲಿ ಒಂದು ನಿಮಿಷಕ್ಕೆ ಐದು ಲೀಟರ್ ಬಂದರೆ ಜಾಸ್ತಿ. ಹದಿನೈದು ಲೀಟರಿನ ಕೊಡ ತುಂಬಲು ಮೂರು ನಿಮಿಷ. ಅಜ್ಜಿಯದು ನಾಲ್ಕು ಕೊಡ. ಅಂದರೆ ಹನ್ನೆರಡು ನಿಮಿಷ ಅವಳು ನನ್ನ ಸ್ಪ್ರಿಂಗಿನ ಜೊತೆ ಜಗ್ಗಾಡಬೇಕು. ಎರಡನೇ ಕೊಡಕ್ಕೆ ಸೊಂಟದಿಂದ ಟ್ಯೂಬಿನ ಪಟ್ಟಿ ತೆಗೆದು ಮೂರು ಸುತ್ತು ಸುತ್ತಿದಳು. ಅಷ್ಟು ಅಚ್ಚುಕಟ್ಟಾಗಿ ಸುತ್ತಿದಳು ಎಂದರೆ, ಆ ಕೆಲಸ ದಿನಾ ಮಾಡಿ ರೂಢಿ ಆಗಿತ್ತು.

ಮಗಳೇ, ಅವತ್ತು ನನ್ನ ಸಿಟ್ಟೆಲ್ಲ ಇಳಿದು ನಾಚಿಕೆ ಆಯಿತು. ತಪ್ಪು ಡ್ರಾಯಿಂಗಿನಲ್ಲಿ ಇತ್ತು. ಬೆಂಚಿನ ಮೇಲೆ ಒತ್ತಿದ್ದು ಮೋಟಾರು. ಮೋಟಾರಿಗೆ ಕೈ ನೋಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಕಾರ್ಖಾನೆಗೆ ಕಾಲಿಟ್ಟ ಮೊದಲ ವಾರವೇ ವಾಪಸ್ ಬಂದ ಮಾಲನ್ನು ಎಲ್ಲಿ ಇಡುತ್ತಾರೆ ಅಂತ ಕೇಳು. ಎಲ್ಲ ಕಾರ್ಖಾನೆಯಲ್ಲೂ ಅಂಥ ಒಂದು ಮೂಲೆ ಇರುತ್ತದೆ. ಅಲ್ಲಿಗೆ ಯಾರೂ ಹೋಗಲ್ಲ, ದೂಳು ಹಿಡಿದಿರುತ್ತದೆ. ದಿನಕ್ಕೆ ಎರಡು ನಳ ಬಿಚ್ಚು. ಯಾವ ಊರಿನಿಂದ ಬಂತು, ಎಂಥ ನೀರು, ಎಷ್ಟು ದಿನ ನಡೆಯಿತು, ಎಲ್ಲಿ ಸೋತಿತು, ಬರೆದಿಡು. ಬೋರ್‌ವೆಲ್ ನೀರಿನ ಊರಿನ ನಳದ ಬಾಯಿಯ ಜಾಲರಿಯಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿರುತ್ತದೆ. ನೀರು ಬಿಟ್ಟು ಮುಚ್ಚುವ ಒಳಭಾಗ ಪಿಂಗಾಣಿ ಬಿಲ್ಲೆಗಳ ಕಾರ್ಟ್ರಿಜ್ ಆದರೆ ಎರಡು ಬಿಲ್ಲೆಗಳ ನಡುವೆ ಮರಳಿನ ಕಣ ಸಿಕ್ಕಿರುತ್ತದೆ. ನಮ್ಮ ಊರಿನಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಬರತೊಡಗಿದಾಗ ನನ್ನ ಪೆಟ್ಟಿಗೆಯ ಮಾಲೇ ಬದಲಾಯಿತು. ಮೊದಲು ವಾಷರ್ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಆಮೇಲೆ ಬಂದವು ಸವೆದು ತೆಳುವಾಗಿದ್ದವು.

ಅಮೆರಿಕದ ಆಲ್ ಮೋಯೆನ್ ಅವರ ವಿಷಯ ನೀನು ಓದಿರಬಹುದು. 1937ರಲ್ಲಿ ಅವರು ನಿನ್ನ ಹಾಗೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಫೀಸಿಗಾಗಿ ಗ್ಯಾರೇಜಿನಲ್ಲಿ ದುಡಿಯುತ್ತಿದ್ದರು. ಒಂದು ದಿನ ಕೈ ತೊಳೆಯಲು ನಳ ತಿರುಗಿಸಿದಾಗ ಕುದಿಯುವಂಥ ನೀರು ಬಂದು ಕೈ ಸುಟ್ಟಿತು. ಬಿಸಿಗೆ ಒಂದು ಹಿಡಿಕೆ, ತಣ್ಣೀರಿಗೆ ಒಂದು ಹಿಡಿಕೆ ಇದ್ದ ಕಾಲ ಅದು. ಒಂದೇ ಹಿಡಿಕೆಯಲ್ಲಿ ಎರಡನ್ನೂ ಹದವಾಗಿ ಬೆರೆಸುವ ನಳ ಮಾಡಬೇಕು ಅಂತ ಅವರಿಗೆ ಹೊಳೆದದ್ದು ಆಗ. ಹೊಳೆದದ್ದು ಒಂದು ಕ್ಷಣದಲ್ಲಿ, ಆದರೆ ಆ ನಳ ಮಾರಾಟಕ್ಕೆ ಬಂದದ್ದು 1947ರಲ್ಲಿ. ಮೊದಲ ಮಾದರಿ ಸರಿಯಾಗಲಿಲ್ಲ. ನಡುವೆ ಮಹಾಯುದ್ಧ ಬಂತು, ಲೋಹಕ್ಕೆ ಬರ ಬಂತು. ಹತ್ತು ವರ್ಷ ಅವರು ಅದನ್ನು ಕೈಬಿಡಲಿಲ್ಲ. ಇವತ್ತು ಯಾವ ಹೊಸ ಮನೆಯ ಬಚ್ಚಲಿಗೆ ಹೋದರೂ ಒಂದೇ ಹಿಡಿಕೆಯ ಮಿಕ್ಸರ್ ಇರುತ್ತದೆ, ಅಲ್ವಾ?

ಶಿಕಾಗೋದ ವಿಲಿಯಂ ಸ್ಲೋನ್ ಅವರದಂತೂ ಇನ್ನೂ ತಾಳ್ಮೆಯ ಕಥೆ. ಟಾಕಿ ಇಲ್ಲದೆ ನೇರ ಪೈಪಿನ ಒತ್ತಡದಿಂದಲೇ ಸಂಡಾಸಿಗೆ ನೀರು ಬಿಡುವ ವಾಲ್ವು ಮಾಡಿದರು. 1906ರಲ್ಲಿ ಮಾರಾಟವಾದದ್ದು ಒಂದೇ ಒಂದು. ಮರುವರ್ಷ ಎರಡು. ಈಗ ವಿಮಾನ ನಿಲ್ದಾಣ, ಆಸ್ಪತ್ರೆ, ಸಿನಿಮಾ ಮಂದಿರಗಳಲ್ಲಿ ಆ ತತ್ವದ ವಾಲ್ವುಗಳೇ. ನಿನ್ನ ಮೊದಲ ಡಿಸೈನನ್ನು ಮಾರಾಟ ವಿಭಾಗದವರು ಬದಿಗೆ ಸರಿಸಿದರೆ ಆ ಒಂದು ವಾಲ್ವನ್ನು ನೆನಪು ಮಾಡಿಕೋ.

ಇನ್ನು ಶಾಪ್ ಫ್ಲೋರಿನ ಮಾತು. ಹುಡುಗಿ ಅಂತ ನಿನ್ನನ್ನು ಎಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸಲು ನೋಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೂರಿಸಬಹುದು. ನೀನು ಒಪ್ಪಬೇಡ. ಮೊದಲ ಒಂದು ವರ್ಷ ಎರಕ, ಮಶೀನಿಂಗ್, ಪಾಲಿಶ್, ಪ್ಲೇಟಿಂಗ್, ಜೋಡಣೆ, ಎಲ್ಲ ಕಡೆ ಎರಡೆರಡು ತಿಂಗಳು ನಿಲ್ಲಬೇಕು ಅಂತ ಬಾಯಿಬಿಟ್ಟು ಕೇಳು. ದುಪಟ್ಟಾ ಬೇಡ, ಕೂದಲು ಬಿಗಿಯಾಗಿ ಕಟ್ಟು, ಲೇತ್ ಹತ್ತಿರ ಬಳೆ ಬೇಡ. ಈ ವಿಷಯದಲ್ಲಿ ಒಂದು ದಿನವೂ ಅಲಕ್ಷ್ಯ ಮಾಡಬೇಡ.

ಎರಕದ ಮನೆಯಲ್ಲಿ ಏನು ನೋಡಬೇಕು ಅಂದರೆ ಹೇಳುತ್ತೇನೆ. ಹಿತ್ತಾಳೆಯ ನಳವನ್ನು ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷೆ ಮಾಡುತ್ತಾರೆ. ಕಣ್ಣಿಗೆ ಕಾಣದ ತೂತಿನಿಂದ ಸಾಸಿವೆಯಷ್ಟು ಗುಳ್ಳೆ ಒಂದೊಂದಾಗಿ ಏಳುತ್ತದೆ. ಕೆಲವು ಕಡೆ ಆ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಮುಚ್ಚಿಬಿಡುತ್ತಾರೆ. ಮೇಲೆ ಕ್ರೋಮ್ ಬಂದರೆ ಗೊತ್ತಾಗಲ್ಲ. ಅದು ಯಾರದೋ ಮನೆಯ ಟೈಲ್ಸ್ ಒಳಗೆ ಸೋರತೊಡಗುತ್ತದೆ. ಅದಕ್ಕೆ ನೀನು ಸಹಿ ಹಾಕಬೇಡ. ಮತ್ತೆ ಮತ್ತೆ ಅದೇ ಜಾಗದಲ್ಲಿ ಗುಳ್ಳೆ ಬಂದರೆ ಎರಕದವರನ್ನು ಬೈಯುವ ಮೊದಲು ನಿನ್ನ ಡ್ರಾಯಿಂಗ್ ತೆಗೆದು ನೋಡು. ದಪ್ಪ ಗೋಡೆ ಒಮ್ಮೆಲೇ ತೆಳ್ಳಗಾಗುವ ಜಾಗ ಇರುತ್ತದೆ. ತೆಳ್ಳಗಿದ್ದದ್ದು ಬೇಗ ಆರುತ್ತದೆ, ದಪ್ಪ ಇದ್ದದ್ದು ತಡವಾಗಿ ಆರಿ ಒಳಗೊಳಗೇ ಕುಗ್ಗುತ್ತದೆ, ಅಲ್ಲಿ ಪೊಳ್ಳು ಉಳಿಯುತ್ತದೆ. ಗೋಡೆ ಒಂದೇ ಸಮ ಮಾಡು, ಮೂಲೆಯನ್ನು ಗುಂಡಗೆ ಮಾಡು. ಅರ್ಧ ಸೋರಿಕೆ ಅಲ್ಲೇ ನಿಲ್ಲುತ್ತದೆ. ಪಾಲಿಶ್ ಮಾಡುವವರ ಮುಖ ಕಪ್ಪಾಗಿರುತ್ತದೆ, ಅವರ ಹತ್ತಿರ ನಿಂತು ಮಾತಾಡು. ಬಫಿಂಗ್ ಚಕ್ರ ಹೋಗದ ಸಂದಿಯನ್ನು ನೀನು ಡ್ರಾಯಿಂಗಿನಲ್ಲಿ ಇಟ್ಟರೆ ಅದಕ್ಕೆ ಅವರು ದಿನವಿಡೀ ದೂಳು ಕುಡಿಯಬೇಕು.

ನಿನಗೆ ಐದನೇ ಇಯತ್ತೆಯಲ್ಲಿ ವಿಜಯಪುರಕ್ಕೆ ಹೋಗಿದ್ದು ನೆನಪಿದೆಯಾ? ಗೋಲಗುಮ್ಮಟದಲ್ಲಿ ನೀನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ವಾಪಸ್ ಬರುವಾಗ ದಾರಿಯಲ್ಲಿ ಒಂದು ಚೌಕದ ಗೋಪುರ ತೋರಿಸಿದ್ದೆ. ಅದಕ್ಕೆ ಗಂಜ್ ಅನ್ನುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬ್‌ನಂಥ ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತರುತ್ತಿದ್ದರು. ಒತ್ತಡ ಜಾಸ್ತಿಯಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ನಡುನಡುವೆ ಗಂಜ್ ಕಟ್ಟಿ, ನೀರನ್ನು ಮೇಲೆ ಏರಿಸಿ ತೊಟ್ಟಿಗೆ ಬಿಟ್ಟು ಮತ್ತೆ ಕೆಳಗೆ ಇಳಿಸಿದರು. ಒತ್ತಡ ಅಲ್ಲೇ ಬಿಡುಗಡೆ ಆಗುತ್ತದೆ, ಹೂಳೂ ಕೆಳಗೆ ಕೂರುತ್ತದೆ. ಕೈಯಲ್ಲಿರುವ ಕೊಳವೆ ಎಷ್ಟು ತಡೆಯುತ್ತದೆ ಅಂತ ತಿಳಿದು ಮಾಡಿದ ಕೆಲಸ ಅದು. ಆ ಗೋಪುರದ ಮುಂದೆ ನಿಂತರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ನಿನ್ನ ಕಾರ್ಖಾನೆಯಲ್ಲಿ ಇದರ ಉಲ್ಟಾ ಕಷ್ಟ ಇರುತ್ತದೆ. ಹೊರದೇಶದ ಶವರ್, ಮಿಕ್ಸರ್ ಎಷ್ಟೋ ಮೂರು ಬಾರ್ ಒತ್ತಡ ಇದೆ ಅಂತ ನಂಬಿ ಮಾಡಿದವು. ಹತ್ತು ಮೀಟರ್ ಎತ್ತರದ ನೀರಿಗೆ ಹತ್ತಿರ ಹತ್ತಿರ ಒಂದು ಬಾರ್. ನಮ್ಮ ಕಡೆ ಒಂದಂತಸ್ತಿನ ಮನೆ, ಮೇಲೆ ಕಪ್ಪು ಸಿಂಟೆಕ್ಸ್ ಟಾಕಿ. ನಳಕ್ಕೂ ಟಾಕಿಗೂ ಮೂರು ಮೀಟರ್ ಅಂತರ. ಅಂದರೆ 0.3 ಬಾರ್. ಮೂರು ಬಾರಿಗೆ ಮಾಡಿದ ಶವರ್ ಅಲ್ಲಿ ಅಳುತ್ತದೆ. ಇಂಥ ಮನೆಗಳು ನಮ್ಮ ದೇಶದಲ್ಲಿ ಎಷ್ಟಿಲ್ಲ! ಆ 0.3 ಬಾರಿನಲ್ಲಿ ಒಬ್ಬ ತಾಯಿ ಮಗುವಿನ ತಲೆ ಸುಖವಾಗಿ ತೊಳೆಯುವಂಥ ಶವರ್ ಮಾಡಿಕೊಡು. ಕಡಿಮೆ ನೀರು, ಕಡಿಮೆ ಒತ್ತಡ, ಗಡಸು ನೀರು, ಮೂರೂ ಕೂಡಿದ ಜಾಗ ಅದು. ಅಲ್ಲಿ ಕೆಲಸ ಬೇಕಾದಷ್ಟು ಉಳಿದಿದೆ.

ಇನ್ನೊಂದು ಸೀಸದ ವಿಷಯ. ಹಿತ್ತಾಳೆಗೆ ಸ್ವಲ್ಪ ಸೀಸ ಸೇರಿಸಿದರೆ ಲೇತ್ ಮೇಲೆ ಚೂರು ಚಿಕ್ಕದಾಗಿ ಮುರಿದು ಬೀಳುತ್ತದೆ, ಕೆಲಸ ಸಲೀಸು. ಆದರೆ ಸೀಸ ಕುಡಿಯುವ ನೀರಿಗೂ ಇಳಿಯುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಅಮೆರಿಕದಲ್ಲಿ 2014ರಿಂದ ಕುಡಿಯುವ ನೀರು ತಗಲುವ ಭಾಗದಲ್ಲಿ ಸೀಸದ ಸರಾಸರಿ 0.25 ಶೇಕಡಾ ಮೀರಬಾರದು ಅಂತ ಕಾನೂನು ಇದೆ. ಅಲ್ಲಿಗೆ ಹೋಗುವ ಮಾಲಿಗೆ ಒಂದು ಹಿತ್ತಾಳೆ, ನಮ್ಮ ಮನೆಗೆ ಒಂದು ಹಿತ್ತಾಳೆ ಅಂತ ಇದ್ದರೆ, ಯಾಕೆ ಅಂತ ಕೇಳು. ಮೆತ್ತಗೆ ಕೇಳು, ಆದರೆ ಕೇಳುವುದನ್ನು ಬಿಡಬೇಡ.

ಆ ಓಣಿಯ ನಳದ ಕಥೆ ಅರ್ಧಕ್ಕೆ ಬಿಟ್ಟೆ. ಆಮೇಲೆ ನಾನು ಗುಂಡಿ ತೆಗೆದು ಒಂದು ಉದ್ದದ ಸನ್ನೆ, ಅಂದರೆ ಲಿವರ್, ಹಾಕಿದೆ. ಕೊಡವನ್ನು ನಳದ ಕೆಳಗೆ ಇಟ್ಟರೆ ಅದರ ಕಂಠವೇ ಸನ್ನೆಯನ್ನು ಹಿಂದಕ್ಕೆ ಒತ್ತುತ್ತದೆ, ನೀರು ಬರುತ್ತದೆ. ಕೊಡ ಎತ್ತಿದರೆ ಸನ್ನೆ ಮುಂದೆ ಬಂದು ನೀರು ಬಂದ್. ಕೈ ಹಚ್ಚುವ ಕೆಲಸವೇ ಇಲ್ಲ. ಎಂಟು ನಳ ಮಾಡಿದೆವು. ಒಂದನ್ನು ಆ ಅಜ್ಜಿಯ ಓಣಿಗೇ ಹಾಕಿದೆವು. ಖುಷಿಯಲ್ಲಿ ನಾನು ಅದನ್ನು ಒಂದು ಪ್ರದರ್ಶನದಲ್ಲಿ ಡ್ರಾಯಿಂಗ್ ಸಮೇತ ಇಟ್ಟು ಬಂದವರಿಗೆಲ್ಲ ವಿವರಿಸಿದೆ. ವರ್ಷದೊಳಗೆ ಬೇರೊಬ್ಬರು ಅದನ್ನೇ ಮಾಡಿ ಮಾರತೊಡಗಿದರು. ಪೇಟೆಂಟ್ ಕೇಳಲು ಹೋದರೆ, ಎಲ್ಲರಿಗೂ ತೋರಿಸಿ ಆಗಿದೆ, ಇನ್ನು ಅದು ಹೊಸದಲ್ಲ ಅಂದರು ವಕೀಲರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಕಾಕುಗೆ ಇವತ್ತಿಗೂ ನೆನಪಿದೆ.

ನಿನಗೆ ಹಾಗಾಗಬಾರದು. ತೋರಿಸುವ ಮೊದಲು ಅರ್ಜಿ. ಪೂರ್ತಿ ಕೆಲಸ ಮುಗಿಯದಿದ್ದರೆ ತಾತ್ಕಾಲಿಕ ಅರ್ಜಿ ಹಾಕಬಹುದು, ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ನಮ್ಮ ರಾಜ್ಯದವರಿಗೆ ಚೆನ್ನೈ ಕಚೇರಿ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ. ಕೆಲಸಕ್ಕೆ ಸೇರುವಾಗ ಕೊಡುವ ಕರಾರಿನ ಪತ್ರವನ್ನು ಪೂರ್ತಿ ಓದಿ ಸಹಿ ಮಾಡು. ಅಲ್ಲಿ ಮಾಡಿದ ಹೊಸ ಡಿಸೈನಿನ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ, ಅದು ಇರಲಿ. ಆದರೆ ಮಾಡಿದವರ ಹೆಸರನ್ನು ಪೇಟೆಂಟಿನಲ್ಲಿ ನಮೂದಿಸಲು ಕಾನೂನಿನಲ್ಲಿ ದಾರಿ ಇದೆ. ನಿನ್ನ ಹೆಸರು ಅಲ್ಲಿ ಇರಬೇಕು. ನಿನಗೆ ದಾರಿ ತೋರಿಸಿದ ಮಿಸ್ತ್ರಿಯ ಹೆಸರೂ ಇರಬೇಕಾದ್ದಾದರೆ ಬಿಡಬೇಡ. ನಾನು ಆ ಮಿಸ್ತ್ರಿಗೆ ಅಷ್ಟು ಮಾಡಲು ಆಗಲಿಲ್ಲ.

ಪ್ರತಿ ಪುಟಕ್ಕೂ ಅಂಕಿ ಹಾಕಿದ, ಹೊಲಿದ ನೋಟ್‌ಬುಕ್ ಒಂದು ಇಟ್ಟುಕೋ. ದಿನಾ ತಾರೀಖು ಹಾಕಿ ಬರೆ. ಹಾಳೆ ಹರಿಯಬೇಡ.

ರವಿವಾರ ಬಂದು ಹೋಗು. ಹಿತ್ತಲಿನ ನಳ ಹನಿ ಬಿಡುತ್ತಿದೆ. ಪ್ಲಂಬರ್ ಬರುತ್ತೇನೆ ಅಂದಿದ್ದ, ನಾನೇ ಬೇಡ ಅಂದೆ. ಕೆಳಗೆ ಬಕೆಟ್ ಇಟ್ಟಿದ್ದೇನೆ, ಆ ನೀರು ತುಳಸಿಗೆ ಹೋಗುತ್ತದೆ. ನಳ ಬಿಚ್ಚುವ ಪಾನಾ ಮನೆಯಲ್ಲೇ ಇದೆ. ನೀನೇ ಬಿಚ್ಚು, ಯಾಕೆ ಸೋರುತ್ತಿದೆ ಅಂತ ನನಗೆ ಹೇಳು.

ಅಣ್ಣನಿಗೂ ವೈನಿಗೂ ನಮಸ್ಕಾರ ಹೇಳು.

ಇಂತಿ,
ನಿನ್ನ ಕಾಕಾ