ಉಗುರಿನಲ್ಲಿ ಹೋಗುವ ಸಸಿಗೆ ಕೊಡಲಿ ಬೇಕೆ?

ಮಾನ್ಯ ಸಂಪಾದಕರೆ,

ಜುಲೈ ಮೊದಲ ವಾರ ಬಂದೊಡನೆ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ವನಮಹೋತ್ಸವದ ಚಿತ್ರಗಳು ಪ್ರಕಟವಾಗುತ್ತವೆ. 1950ರಲ್ಲಿ ಆರಂಭವಾದ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಮಳೆಗೆ, ಯಾರೂ ನೆಡದೆ ನಮ್ಮ ಹಿತ್ತಿಲುಗಳಲ್ಲಿ ತಾವಾಗಿಯೇ ಏಳುವ ಮರದ ಸಸಿಗಳನ್ನು ಏನು ಮಾಡಬೇಕೆಂಬ ಬಗ್ಗೆ ಒಂದು ಸಾಲೂ ಬರುವುದನ್ನು ನಾನು ಕಂಡಿಲ್ಲ. ಈ ಪತ್ರ ಅದರ ಕುರಿತಾಗಿ.

ಮೈಸೂರಿನಲ್ಲಿ ನಮ್ಮದು ನಲವತ್ತು–ಅರವತ್ತರ ನಿವೇಶನ. ಮನೆ ಕಟ್ಟಿ ಉಳಿದ ಜಾಗದಲ್ಲಿ ಒಂದು ತೆಂಗು, ಒಂದು ಸೀಬೆ, ಕರಿಬೇವು ಮತ್ತು ಹೂವಿನ ಗಿಡಗಳಿವೆ. ಕಳೆದ ತಿಂಗಳು ಮಳೆ ಬಿಟ್ಟ ಒಂದು ಬೆಳಿಗ್ಗೆ ತಾನಾಗಿ ಹುಟ್ಟಿದ ಸಸಿಗಳನ್ನು ಎಣಿಸತೊಡಗಿದವನು ಅರವತ್ತು ದಾಟಿದ ಮೇಲೆ ಎಣಿಕೆ ಬಿಟ್ಟೆ. ರಸ್ತೆಬದಿಯ ಮರದಿಂದ ಬಿದ್ದ ಹೊಂಗೆ, ಗೊರವಂಕಗಳು ತಂದ ಬೇವು, ಬಾವಲಿಯ ಕೃಪೆಯಿಂದ ಬಂದ ಗಸಗಸೆ ಹಣ್ಣಿನ ಗಿಡ, ಪಕ್ಕದ ಖಾಲಿ ನಿವೇಶನದ ಸುಬಾಬುಲ್, ಇವೆಲ್ಲ ಸಾಲದೆಂಬಂತೆ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಅರಳಿ.

ಅರಳಿಯ ವಿಷಯದಲ್ಲಿ ನಾನೇ ತಪ್ಪಿದವನು. ಏಳು ವರ್ಷದ ಹಿಂದೆ ಒಳಚರಂಡಿಯ ಛೇಂಬರಿನ ಪಕ್ಕದಲ್ಲಿ ಪೆನ್ಸಿಲ್ ಗಾತ್ರದ ಒಂದು ಅರಳಿ ಗಿಡ ಎದ್ದಿತ್ತು. ಕೀಳಲು ಕೈ ಹಾಕಿದಾಗ ಮನೆಯ ಹಿರಿಯರು ಅಶ್ವತ್ಥಕ್ಕೆ ಕೈ ಹಚ್ಚಬಾರದೆಂದರು. ಮೇಲ್ಭಾಗವನ್ನಷ್ಟೇ ಸವರಿ ಸುಮ್ಮನಾದೆ. ಪ್ರತಿ ವರ್ಷ ಸವರಿದಂತೆಲ್ಲ ಕೆಳಗೆ ಬೇರು ದಪ್ಪವಾಗುತ್ತ ಹೋಗಿ, ಕೊನೆಗೆ ಛೇಂಬರಿನ ಇಟ್ಟಿಗೆ ಸರಿದು, ಕೊಳವೆಯೊಳಗೆ ಬೇರಿನ ಜಡೆ ತುಂಬಿ, ಹೊಲಸು ನೀರು ಸ್ನಾನದ ಮನೆಗೆ ಹಿಂದಿರುಗಿದಾಗ ಗೋಡೆಯ ಆರಡಿ ಭಾಗವನ್ನೇ ಒಡೆಸಬೇಕಾಯಿತು. ಅಂದು ಕೊಡಲಿ ಪೆಟ್ಟು ತಿಂದ ಮರಕ್ಕಿಂತ, ಎರಡೆಲೆಯಿದ್ದಾಗಲೇ ಬಿಡಿಸಿ ಬೇರೆಡೆ ನೆಟ್ಟಿದ್ದರೆ ಬದುಕುತ್ತಿದ್ದ ಸಸಿಯ ಪಾಪವೇ ನನಗೆ ಹೆಚ್ಚೆನಿಸಿತು. ನಗರಗಳಲ್ಲಿ ಮರವಾಗಿ ಬೆಳೆದ ಮೇಲೆ ಕಡಿಯಬೇಕಾದರೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದವಕ್ಕೆ 1976ರ ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅಧಿಕಾರಿಗಳ ಅನುಮತಿಯೂ ಬೇಕು, ಅದು ಇರಬೇಕಾದದ್ದೇ.

ಹೀಗಾಗಿ ಈಗ ಮಳೆ ನಿಂತ ಮರುದಿನ, ಮಣ್ಣು ಇನ್ನೂ ಮೆತ್ತಗಿರುವಾಗ, ಹಿತ್ತಿಲಿಗೆ ಇಳಿಯುತ್ತೇನೆ. ಸಸಿಯನ್ನು ತುದಿಯಲ್ಲಿ ಹಿಡಿದು ಎಳೆದರೆ ಕಾಂಡ ತುಂಡಾಗಿ ಬೇರು ಒಳಗೇ ಉಳಿಯುತ್ತದೆ. ಮಣ್ಣಿಗೆ ತಾಗಿದ ಬುಡವನ್ನೇ ಎರಡು ಬೆರಳಿನಲ್ಲಿ ಹಿಡಿದು ನೇರವಾಗಿ ಮೇಲಕ್ಕೆತ್ತಬೇಕು. ಹೊಂಗೆಯಾದರೆ ಬೀಜದ ಎರಡು ದಪ್ಪ ಹೋಳುಗಳು ಇನ್ನೂ ಬುಡಕ್ಕೆ ಅಂಟಿಕೊಂಡೇ ಬರುತ್ತವೆ. ಗೇಣುದ್ದದ ಸುಬಾಬುಲ್ ಮಾತ್ರ ಕೈಗೆ ಬಗ್ಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಹಾರೆ ಊರಿ ಬೇರು ಸಡಿಲಿಸಲೇಬೇಕು, ಬುಡ ಉಳಿದರೆ ಒಂದಕ್ಕೆ ನಾಲ್ಕು ಚಿಗುರು ಬರುತ್ತದೆ. ಗೋಡೆಯ ಅರಳಿಗೆ ಹಳೆಯ ಸ್ಕ್ರೂಡ್ರೈವರ್ ಸಾಕು. ಬೇರನ್ನು ಪೂರ್ತಿ ಬಿಡಿಸಿಕೊಂಡು ಅಂದೇ ಬಿರುಕಿಗೆ ಗಾರೆ ತುಂಬಿದರೆ ಮುಂದಿನ ವರ್ಷ ಹಕ್ಕಿ ಹಿಕ್ಕೆ ಹಾಕಿದರೂ ಬೀಜಕ್ಕೆ ಅಲ್ಲಿ ತಾವಿರುವುದಿಲ್ಲ. ಆ್ಯಸಿಡ್, ಸೀಮೆಎಣ್ಣೆ, ಉಪ್ಪು ಸುರಿಯುವ ಉಪಾಯವನ್ನು ಹಲವರು ಹೇಳುತ್ತಾರೆ. ಸಸಿಯ ಜೊತೆಗೆ ಮಣ್ಣನ್ನೂ ಕೊಲ್ಲುವ ಆ ಕೆಲಸವನ್ನು ದಯವಿಟ್ಟು ಯಾರೂ ಮಾಡಬಾರದು.

ಎಲ್ಲ ಸಸಿಗಳ ಕಾಟವೂ ಒಂದೇ ಬಗೆಯದಲ್ಲ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣು ಉದುರುವ ಕಾಲದಲ್ಲಿ ಕಣ್ಣಿಟ್ಟರೆ ಆ ವರ್ಷದ ಕೆಲಸ ಮುಗಿಯಿತು. ಸುಬಾಬುಲ್ ಬೀಜಕ್ಕೆ ಗಟ್ಟಿ ಸಿಪ್ಪೆಯಿದೆ, ಮಣ್ಣಿನೊಳಗೆ ವರ್ಷಗಟ್ಟಲೆ ಕಾದಿದ್ದು ಯಾವುದೋ ಮಳೆಗೆ ಏಳುತ್ತದೆ. ಮೇವಿಗೆ, ಸೌದೆಗೆ ಒದಗುವ ಮರವೆಂದು ಒಂದು ಕಾಲದಲ್ಲಿ ಹಾಡಿ ಹೊಗಳಿ ಹಂಚಿದ ಈ ಮೆಕ್ಸಿಕೋ ಕಡೆಯ ಮರ ಇಂದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅಲಂಕಾರಕ್ಕೆಂದು ತಂದ, ಹಳದಿ ಹೂವಿನ ಸೆನ್ನಾ ಮರ ಬಂಡೀಪುರ, ನಾಗರಹೊಳೆಯ ಕಾಡುಗಳಿಗೆ ನುಗ್ಗಿರುವುದನ್ನು ನೆನೆದರೆ, ಹಿತ್ತಿಲಿನ ಒಂದು ಸಸಿಯ ಮಾತು ಅಷ್ಟೇನೂ ಕ್ಷುಲ್ಲಕವಲ್ಲ. ಸುಬಾಬುಲ್ ಕಾಯಿ ಒಣಗಿ ಸಿಡಿಯುವ ಮೊದಲೇ ಕೊಂಬೆ ಸವರಬೇಕು. ಅದರ ಕಾಯಿಗಳನ್ನು ಗೊಬ್ಬರದ ಗುಂಡಿಗಂತೂ ಹಾಕಲೇಬಾರದು.

ಕಿತ್ತದ್ದನ್ನೆಲ್ಲ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಬೇವು, ಹೊಂಗೆ, ಅರಳಿಗಳು ನಾಲ್ಕಾರು ಎಲೆಯಿದ್ದಾಗ ಮಣ್ಣಿನ ಹೆಂಟೆಯೊಡನೆ ಎದ್ದುಬಂದರೆ, ತಳಕ್ಕೆ ತೂತು ಮಾಡಿದ ಹಾಲಿನ ಪ್ಯಾಕೆಟ್ಟಿನಲ್ಲಿ ಕೂರಿಸಿ ಹದಿನೈದು ದಿನ ನೆರಳಿನಲ್ಲಿಟ್ಟರೆ ಬಹುಪಾಲು ಉಳಿಯುತ್ತವೆ. ಅರಳಿಯನ್ನೂ ಬೇವನ್ನೂ ಜೊತೆಗೆ ನೆಟ್ಟು ಕಟ್ಟೆ ಕಟ್ಟಿಸುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಈಚಿನ ಎರಡು ವರ್ಷಗಳಲ್ಲಿ ನಮ್ಮ ಹಿತ್ತಿಲಿನ ನಾಲ್ಕು ಸಸಿಗಳು ಊರಿನ ಕೆರೆ ಏರಿಯ ಕೆಳಗೆ ಹೀಗೆ ನೆಲೆ ಕಂಡಿವೆ. ಮನೆಯ ಹಿರಿಯರಿಗೂ ಇದು ಒಪ್ಪಿಗೆಯಾಗಿದೆ.

ಕಷ್ಟವಿರುವುದು ಗುರುತು ಹಿಡಿಯುವುದರಲ್ಲಿ. ಹುಣಸೆ, ಗುಲ್‌ಮೊಹರ್, ಸುಬಾಬುಲ್ ಮೂರೂ ಎಳೆಯದರಲ್ಲಿ ಗರಿಯಂಥ ಎಲೆಯವೇ. ನಾಲ್ಕಾರು ಎಲೆ ಬರುವವರೆಗೆ ಕಾದು ನೋಡಿದರೆ, ಹುಣಸೆಯಲ್ಲಿ ಒಂದೇ ಕಡ್ಡಿಯ ಎರಡು ಬದಿಗೆ ಎಲೆಗಳು ಸಾಲುಗೂಡಿರುತ್ತವೆ, ಉಳಿದೆರಡರಲ್ಲಿ ಆ ಕಡ್ಡಿಯೇ ಕವಲೊಡೆದಿರುತ್ತದೆ. ಆ ಎರಡನ್ನು ಪರಸ್ಪರ ಬೇರ್ಪಡಿಸಲು ನನಗೆ ಈಗಲೂ ತಡವಾಗುತ್ತದೆ. ಆದ್ದರಿಂದ ಮುಂದಿನ ವನಮಹೋತ್ಸವದ ವಾರದಲ್ಲಾದರೂ ತಾವು, ನಮ್ಮ ಹಿತ್ತಿಲುಗಳಲ್ಲಿ ಸಾಮಾನ್ಯವಾಗಿ ಏಳುವ ಹತ್ತು ಹನ್ನೆರಡು ಮರಗಳ ಎಳೆಸಸಿಯ ಚಿತ್ರಗಳನ್ನು ಹೆಸರಿನೊಂದಿಗೆ ಅರ್ಧ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿಕೊಳ್ಳುವವರಲ್ಲಿ ನಾನೂ ಒಬ್ಬನಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮೈಸೂರು