ಭಾನುವಾರದ ಲೈಡಾರ್ ಕ್ಲಾಸ್: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮ್ಯಾಪ್ ಗುಂಪು ಸೇರುತ್ತಿದೆ. ಜಾಗ ಅದೇ, ಜಯನಗರದ ನಮ್ಮ ಮನೆ ಮಹಡಿ. ಈ ಸಲದ ವಿಷಯ ಲೈಡಾರ್: ವಿಮಾನದಿಂದ ಲೇಸರ್ ಬಿಟ್ಟು ಅಳಿವೆಯ (ನದಿ ಸಮುದ್ರ ಸೇರುವ ಜಾಗದ) ನೆಲದ ಎತ್ತರ ಅಳೆಯುವುದು, ನೆರೆ ಎಲ್ಲಿಗೆ ನುಗ್ಗಬಹುದು ಅಂತ ನೋಡುವುದು.

ಬೆಂಗಳೂರಿನವರಿಗೆ ಅಳಿವೆ ಯಾಕೆ ಅಂತ ಒಬ್ಬರು ಕೇಳಿದರು. ಸರಿಯೇ, ಸಮುದ್ರ ನಮಗಿಂತ ಸುಮಾರು 900 ಮೀಟರ್ ಕೆಳಗಿದೆ! ಆದರೆ ನೆರೆ ನಮಗೂ ಹೊಸದಲ್ಲ, 2022ರ ಸೆಪ್ಟೆಂಬರ್‌ನಲ್ಲಿ ರಸ್ತೆಗೆ ನೀರು ನುಗ್ಗಿದಾಗ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರು ಈ ಗುಂಪಿನಲ್ಲೇ ಇದ್ದಾರಲ್ವಾ? ಅಳಿವೆಯ ನೆಲ ಚಪ್ಪಟೆ. ಒಂದು ಅಡಿ ಏರಿಳಿತವಾದರೂ ನೀರಿನ ದಾರಿ ಬದಲಾಗುತ್ತದೆ. ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬಂದ ಕಿರಣಗಳಿಂದ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಕೆಳಗಿನ ಎತ್ತರವೂ ಗೊತ್ತಾಗುತ್ತದೆ. ಮಾಮೂಲಿ ಲೇಸರ್ ನೀರೊಳಗೆ ಹೋಗಲ್ಲ, ಅದಕ್ಕೇ ಸಮುದ್ರ ಇಳಿತದ ಹೊತ್ತು ನೋಡಿ ಹಾರುತ್ತಾರೆ. ತಳ ಕಾಣಬೇಕಾದರೆ ಹಸಿರು ಲೇಸರ್. ಕೆಸರು ನೀರಾದರೆ ಅದೂ ಕೈಕೊಡುತ್ತದೆ.

ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯದ್ದೇ ತೋರಿಸುವ ಆಸೆ ಇತ್ತು. ಆದರೆ ಸುಲಭವಾಗಿ, ಪುಕ್ಕಟೆ ಸಿಗುವುದು ಇಂಗ್ಲೆಂಡಿನ ಹಂಬರ್ ಅಳಿವೆಯ 1 ಮೀಟರ್ ಮ್ಯಾಪ್ (ಪ್ರತಿ 1 ಮೀಟರ್ ಚೌಕಕ್ಕೂ ಎತ್ತರ ಇರುತ್ತದೆ). 2013ರ ಡಿಸೆಂಬರ್ 5ರಂದು ಅಲ್ಲಿ ಸಮುದ್ರ ಉಕ್ಕಿ ಹಲ್ ನಗರಕ್ಕೆ ನುಗ್ಗಿತ್ತು.

ಲ್ಯಾಪ್‌ಟಾಪ್, ಚಾರ್ಜರ್ ತನ್ನಿ. ಮ್ಯಾಪ್ ನೋಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ (QGIS) ಮನೆಯಲ್ಲೇ ಹಾಕಿಕೊಂಡು ಬನ್ನಿ. ಫೈಲ್ ದೊಡ್ಡದು, ಹತ್ತು ಜನ ಒಟ್ಟಿಗೆ ಇಳಿಸಿದರೆ ನಮ್ಮ ವೈಫೈ ಸತ್ತೇ ಹೋಗುತ್ತದೆ. ಲಿಂಕ್ ಇಂದು ರಾತ್ರಿ ಹಾಕುತ್ತೇನೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ. ಸುಮ್ನೆ ಹೆಬ್ಬೆರಳು ಬೇಡ, ಇಡ್ಲಿ ಲೆಕ್ಕ ತಪ್ಪುತ್ತದೆ.